ಡ್ರಮ್ ಬಿಚ್ಚುವ ಮೊದಲು

ಹಳೆಯ ಜೀಪಿನ ಹಿಂದಿನ ಗಾಲಿ ಹಿಡಿದುಕೊಂಡಿತೆಂದರೆ ಬಸವನ ಬಾಗೇವಾಡಿ, ಇಂಗಳೇಶ್ವರದ ಕಡೆ ನಡೆಯುವ ರಿಪೇರಿ ಹೆಚ್ಚುಕಡಿಮೆ ಒಂದೇ. ಜ್ಯಾಕ್ ಹಚ್ಚು, ಗಾಲಿ ಕಳಚು, ಡ್ರಮ್ಮಿಗೆ ಸುತ್ತಿಗೆಯಿಂದ ನಾಲ್ಕು ಏಟು ಹಾಕಿ ತೆಗೆ, ಶೂ ಉಜ್ಜು, ಅಡ್ಜಸ್ಟರ್ ಸಡಿಲ್ ಮಾಡು. ‘ಈಗ ಹೊಡೀರಿ ನೋಡೂಣು’ ಅಂದರೆ ಮುಗಿಯಿತು. ಗಾಡಿ ಓಡುತ್ತದೆ, ಕೆಲವು ದಿನಕ್ಕೆ ಮತ್ತೆ ಅದೇ ಗಾಲಿ ಹಿಡಿಯುತ್ತದೆ. ಈ ಪದ್ಧತಿಯಲ್ಲಿ ಕೈಚಳಕಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಸರದಿಯಲ್ಲಿ. ಕಡೆಗೆ ಮಾಡಬೇಕಾದ್ದನ್ನು ಮೊದಲೇ ಮಾಡಿ, ದೋಷದ ಗುರುತನ್ನು ಡ್ರಮ್ಮಿನ ಜೊತೆಗೇ ಕಿತ್ತುಹಾಕುತ್ತಾರೆ.

ಮೆಚ್ಚಬೇಕಾದ್ದೂ ಇದೆ. ಪಳಗಿದ ಮಿಸ್ತ್ರಿ ಗಾಡಿ ನಿಂತ ಕೂಡಲೇ ನಾಲ್ಕೂ ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ಕಾವು ನೋಡುತ್ತಾನೆ, ಸುಟ್ಟ ಲೈನರ್ ವಾಸನೆ ಹಿಡಿಯುತ್ತಾನೆ. ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಹಳೆಯ ಜೀಪಿನಲ್ಲಿ ಒಂದೇ ಮಾಸ್ಟರ್ ಸಿಲಿಂಡರಿನಿಂದ ನಾಲ್ಕೂ ಗಾಲಿಗೆ ಒತ್ತಡ ಹೋಗುತ್ತದೆ. ಹಿಂದಿನ ಪೈಪು ಚಾಸಿಯಿಂದ ಆಕ್ಸಲ್‌ಗೆ ಇಳಿಯುವಲ್ಲಿ ಒಂದೇ ರಬ್ಬರ್ ಹೋಸ್ ಇರುತ್ತದೆ. ಹಾಗಾಗಿ ನಾಲ್ಕೂ ಕಾದಿದ್ದರೆ ದೋಷ ಮಾಸ್ಟರಿನಲ್ಲೋ ಪೆಡಲ್ಲಿನಲ್ಲೋ ಇದೆ. ಹಿಂದಿನವೆರಡೂ ಕಾದಿದ್ದರೆ ಅನುಮಾನ ಹೋಸಿನ ಮೇಲೆ. ಒಂದೇ ಕಾದಿದ್ದರೆ ಮಾತ್ರ ಆ ಗಾಲಿಯ ವೀಲ್ ಸಿಲಿಂಡರ್, ಸ್ಪ್ರಿಂಗ್, ಶೂ ನೋಡಬೇಕು. ಇಷ್ಟನ್ನೂ ಅಂಗೈ ಹೇಳಿದ ಮೇಲೂ ಅವನ ಕೈ ನೇರ ವೀಲ್ ಪಾನಾಕ್ಕೇ ಹೋಗುತ್ತದೆ.

ಬೇಕಾದದ್ದು ಅರ್ಧ ನಿಮಿಷದ ಪರೀಕ್ಷೆ. ಗಾಲಿ ಹಿಡಿದಿರುವಾಗಲೇ, ಏನನ್ನೂ ಬಿಚ್ಚದೆ, ವೀಲ್ ಸಿಲಿಂಡರಿನ ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸಬೇಕು. ಆಯಿಲ್ ಚಿಮ್ಮಿ ಗಾಲಿ ಬಿಟ್ಟಿತೆಂದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು. ಬಿಡದಿದ್ದರೆ ಅಡಚಣೆ ಬೇರೆ: ತುಕ್ಕು ಹಿಡಿದ ಪಿಸ್ಟನ್, ಮುರಿದ ಸ್ಪ್ರಿಂಗ್, ಮಳೆಗಾಲದಲ್ಲಿ ಡ್ರಮ್ಮಿನೊಳಗೆ ಹೊಕ್ಕು ಗಟ್ಟಿಯಾದ ಎರೆ ಮಣ್ಣು. ಒತ್ತಡವೇ ಕಾರಣವೆಂದಾದರೆ, ಮತ್ತೊಮ್ಮೆ ಹಿಡಿದಾಗ ಹೋಸಿನ ಮೇಲ್ತುದಿಯ ಪೈಪ್ ನಟ್ ಸಡಿಲಿಸಿ ನೋಡಬೇಕು. ಅಲ್ಲಿ ಸಡಿಲಿಸಿದರೂ ಗಾಲಿ ಬಿಡದಿದ್ದರೆ ಹೋಸು ಒಳಗೆ ಊದಿ ಮುಚ್ಚಿದೆ. ತುಳಿದಾಗ ಆಯಿಲ್ ದಾಟುತ್ತದೆ, ಕಾಲು ತೆಗೆದಾಗ ಮರಳಿ ಬರುವುದಿಲ್ಲ. ಹೊರಗಿನಿಂದ ಆ ಹೋಸು ಹೊಸದರಂತೆಯೇ ಕಾಣುವುದರಿಂದ ಅದನ್ನು ಯಾರೂ ಮುಟ್ಟುವುದಿಲ್ಲ.

ಜೀಪಿನಲ್ಲಿ ಇನ್ನೊಂದು ಮೋಸವಿದೆ. ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳ ಹ್ಯಾಂಡ್ ಬ್ರೇಕ್ ಗಾಲಿಯಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ಬಾಯಲ್ಲಿದೆ. ಅದು ಕಚ್ಚಿಕೊಂಡರೆ ಹಿಂದಿನ ಎರಡೂ ಗಾಲಿ ಹಿಡಿದಂತೆ ಕಾಣುತ್ತವೆ. ಎರಡನ್ನೂ ಎತ್ತಿ ಒಂದನ್ನು ತಿರುಗಿಸಿದರೆ ಇನ್ನೊಂದು ಉಲ್ಟಾ ತಿರುಗುತ್ತದೆ, ನ್ಯೂಟ್ರಲ್‌ನಲ್ಲಿದ್ದರೂ ಶಾಫ್ಟ್ ಮಾತ್ರ ಅಲುಗುವುದಿಲ್ಲ. ಇದು ಗೊತ್ತಿಲ್ಲದವನು ಗಾಲಿ ಬಿಚ್ಚಿ, ಒಳಗೆಲ್ಲ ಸರಿಯಿರುವುದನ್ನು ಕಂಡು, ಆದರೂ ಶೂ ಬದಲಿಸುತ್ತಾನೆ.

ಅಡ್ಜಸ್ಟರ್ ಸಡಿಲಿಸುವುದಕ್ಕಿಂತ ಕೆಟ್ಟ ರೂಢಿ ಡೀಸೆಲ್ಲಿನದು. ಬಿಚ್ಚಿದ ಸಿಲಿಂಡರ್, ವಾಷರ್ ಎಲ್ಲವನ್ನೂ ಡೀಸೆಲ್ಲಿನಲ್ಲಿ ಅದ್ದಿ ತೊಳೆಯುತ್ತಾರೆ. ಫಳಫಳ ಹೊಳೆಯುತ್ತವೆ, ನಿಜ. ಆದರೆ ಬ್ರೇಕ್ ರಬ್ಬರಿಗೆ ಡೀಸೆಲ್, ಪೆಟ್ರೋಲ್, ಇಂಜಿನ್ ಆಯಿಲ್ ಯಾವುದೂ ಆಗಿಬರುವುದಿಲ್ಲ, ತಾಗಿದರೆ ಊದುತ್ತದೆ. ಊದಿದ ಕಪ್ ಮಾಸ್ಟರ್ ಸಿಲಿಂಡರಿನ ಸಣ್ಣ ರಂಧ್ರವನ್ನು ಮುಚ್ಚಿದರೆ ಆಯಿಲ್ ಡಬ್ಬಿಗೆ ಮರಳಲು ದಾರಿಯೇ ಉಳಿಯುವುದಿಲ್ಲ. ಮೊದಲು ಒಂದು ಗಾಲಿ ಹಿಡಿಯುತ್ತಿದ್ದ ಗಾಡಿ ಈಗ ನಾಲ್ಕನ್ನೂ ಹಿಡಿಯುತ್ತದೆ. ತೊಳೆಯಬೇಕಾದ್ದು ಬ್ರೇಕ್ ಆಯಿಲ್ಲಿನಲ್ಲೇ. ಸಾವಿರಾರು ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ ಇಂಗಳೇಶ್ವರದ ಸುತ್ತಲೇ ಇಷ್ಟು ಸಣ್ಣ ಸಂಗತಿಯನ್ನು ಗ್ಯಾರೇಜಿನ ಗೋಡೆಯ ಮೇಲೆ ಬರೆದಿಟ್ಟವರಿಲ್ಲ!

ಇಷ್ಟು ಹೊತ್ತು ಹೇಳಿದ್ದು ಹಿಡಿದ ಬ್ರೇಕ್ ಬಿಡದಿರುವ ಕತೆ. ತುಳಿದಾಗ ಮಾತ್ರ ಹಿಂದಿನ ಗಾಲಿ ನಿಂತು ಜಾರುವುದು ಬೇರೆಯೇ ದೋಷ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ, ಹಗುರಾದ ಹಿಂಭಾಗ ಮೊದಲು ಜಾರುತ್ತದೆ, ಗಾಡಿ ಹಿಂದುಮುಂದಾಗುತ್ತದೆ. ಮಂದಿ ತುಂಬಿಕೊಂಡು ಸಂತೆಗೆ ಹೋಗುವಾಗ ಸರಿಯಿದ್ದು, ಖಾಲಿ ಬರುವಾಗ ಜಾರುವ ಜೀಪಿನಲ್ಲಿ ಕೆಟ್ಟಿರುವ ಸಾಮಾನು ಒಂದೂ ಇರದಿರಬಹುದು. ಖಾಲಿ-ತುಂಬಿದ್ದು ಎನ್ನದೆ ಒಂದೇ ಗಾಲಿ ಸಟ್ಟನೆ ಕಚ್ಚಿದರೆ ಆಕ್ಸಲ್ ಸೀಲ್ ಸೋರಿ ಲೈನರ್ ಆಯಿಲ್ ಕುಡಿದಿದೆಯೇ ನೋಡಬೇಕು. ಮುಂದಿನ ಬ್ರೇಕೇ ಕೆಲಸ ಮಾಡದೆ ಹಿಂದಿನದು ಹೆಚ್ಚಾಗಿ ತೋರುವುದೂ ಉಂಟು. ಅಡ್ಜಸ್ಟರ್ ಸಡಿಲಿಸಿದರೆ ಇದ್ಯಾವುದೂ ವಾಸಿಯಾಗುವುದಿಲ್ಲ. ಶೂ ತಾಗಿದ ಮೇಲೆ ಒತ್ತಡ ಅಷ್ಟೇ ಇರುತ್ತದೆ. ಪೆಡಲ್ ಮಾತ್ರ ಆಳಕ್ಕಿಳಿದು, ತುಂಬಿದ ಗಾಡಿಯಲ್ಲಿ ತಳಕ್ಕೇ ಮುಟ್ಟಬಹುದು. ಇನ್ನು ಪೈಪಿನಲ್ಲಿ ಗುಂಡು ಇಟ್ಟು ಆ ಗಾಲಿಯ ಬ್ರೇಕನ್ನೇ ‘ಡಮ್ಮಿ’ ಮಾಡುವುದನ್ನು ರಿಪೇರಿ ಎಂದು ಕರೆಯಲೇಬಾರದು.

ತಪ್ಪೆಲ್ಲ ಮಿಸ್ತ್ರಿಯದಲ್ಲ. ಬಿಚ್ಚಿ ಹರವಿದ ಸಾಮಾನು ಕಂಡರೆ ಗಿರಾಕಿ ಬಾಯಿ ಮುಚ್ಚಿಕೊಂಡು ದುಡ್ಡು ಕೊಡುತ್ತಾನೆ. ನಿಪ್ಪಲ್ ಕಾಲು ಸುತ್ತು ತಿರುವಿ ‘ಹೋಸ್ ಒಂದ ಬದಲಿಸ್ರಿ, ಸಾಕು’ ಅಂದವನಿಗೆ ಮಾತ್ರ, ‘ಅಷ್ಟಕ್ಕ ಎದರ ರೊಕ್ಕ ಕೇಳ್ತೀಯೋ ತಮ್ಮಾ?’ ಎನ್ನುತ್ತಾನೆ.