ಮನಸ್ಸಿನಲ್ಲಿ ಇಟ್ಟ ಚುಕ್ಕಿ

ಭದ್ರಾವತಿಯ ನ್ಯೂಟೌನಿನ ಮನೆಯ ಜಗಲಿಯಲ್ಲಿ ದೊಡ್ಡಮ್ಮ ಕಣ್ಣು ಮುಚ್ಚಿ ಕೂತಿದ್ದರು. ಶಿವಮೊಗ್ಗದಿಂದ ಬಂದವನು ನಾನು, ನಿದ್ದೆಯಿರಬೇಕು ಎಂದುಕೊಂಡು ಸದ್ದಾಗದಂತೆ ಚಪ್ಪಲಿ ಬಿಟ್ಟೆ. "ತಡಿಯೋ, ಇನ್ನೂ ಮೂರನೇ ಸಾಲು" ಅಂದರು, ಕಣ್ಣು ತೆರೆಯದೆ. ಏಳು ಚುಕ್ಕಿ, ಏಳು ಸಾಲಿನ ರಂಗೋಲಿ ಹಾಕುತ್ತಿದ್ದರು. ಬಲಗೈ ಮಡಿಲಲ್ಲಿ ಅಲುಗದೆ ಬಿದ್ದಿತ್ತು.

ಪಾರ್ಶ್ವವಾಯು ಬಡಿದು ನಾಲ್ಕು ತಿಂಗಳಾಗಿತ್ತು. ಫಿಸಿಯೋಥೆರಪಿಯ ಹುಡುಗಿ ಕೈಗೆ ವ್ಯಾಯಾಮ ಮಾಡಿಸಿ, ಆಮೇಲೆ ಹತ್ತು ನಿಮಿಷ ಅದೇ ಕೈಯಿಂದ ಮನಸ್ಸಿನಲ್ಲೇ ಕೆಲಸ ಮಾಡಲು ಹೇಳುತ್ತಿದ್ದಳು. ಮೊದಮೊದಲು ದೊಡ್ಡಮ್ಮನಿಗೆ ಕಾಣುತ್ತಿದ್ದದ್ದು, ಬೀದಿಯಾಚೆ ನಿಂತು ನೋಡಿದ ಹಾಗೆ, ಬಾಗಿದ ತಮ್ಮದೇ ಬೆನ್ನು. "ನೋಡಬೇಡಿ ಅಮ್ಮ, ಹಾಕಿ" ಅಂದಳಂತೆ ಹುಡುಗಿ. ಇಡೀ ವಿದ್ಯೆ ಆ ಮಾತಿನಲ್ಲಿದೆ. ಅಂದಿನಿಂದ ದೊಡ್ಡಮ್ಮ ಬೆರಳಿನೊಳಗೆ ಇಳಿದರು. ಸಾರಿಸಿದ ನೆಲದ ತಂಪು, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜುವ ಪುಡಿಯ ತರಿ, ಗೆರೆ ಚುಕ್ಕಿಯನ್ನು ಬಳಸುವಾಗ ಮಣಿಕಟ್ಟು ಹೊರಳುವ ಬಗೆ, ಎಲ್ಲವನ್ನೂ ಒಂದೊಂದಾಗಿ ಸವಿಯುತ್ತಾರೆ. ಆ ದಿನ ಕಣ್ಣು ತೆರೆದು, "ಪುಡಿ ಯಾಕೋ ಸ್ವಲ್ಪ ತೇವ ಆಗಿತ್ತು" ಅಂದಾಗ ನನ್ನ ಮೈ ಜುಮ್ಮೆಂದಿತು.

ಅವರು ಅವಸರಪಡದೆ ಇದ್ದದ್ದೂ ಸರಿಯೇ. ಮನಸ್ಸಿನಲ್ಲಿ ನಡೆಯಲು ಹಿಡಿಯುವ ಹೊತ್ತು, ಕಾಲಿನಲ್ಲಿ ನಡೆಯಲು ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ ಎಂದು ಫ್ರಾನ್ಸಿನ ಸಂಶೋಧಕರು 1989ರಲ್ಲಿ ಅಳೆದು ತೋರಿಸಿದ್ದರು. 1995ರಲ್ಲಿ ಅಲ್ವಾರೊ ಪಾಸ್ಕುವಲ್-ಲಿಯೋನ್ ತಂಡದ ಪ್ರಯೋಗ ಇನ್ನೂ ಸೊಗಸು. ದಿನಕ್ಕೆ 2 ಗಂಟೆಯಂತೆ 5 ದಿನ ಕೆಲವರು ಪಿಯಾನೊ ನುಡಿಸಿದರು, ಕೆಲವರು ನುಡಿಸುವುದನ್ನು ಬರೀ ಕಲ್ಪಿಸಿಕೊಂಡರು. ಇಬ್ಬರ ಮಿದುಳಿನಲ್ಲೂ ಆ ಬೆರಳುಗಳನ್ನು ಆಳುವ ಜಾಗ ಹಿಗ್ಗಿತ್ತು. ಕಲ್ಪಿಸಿದವರ ಬೆರಳು ಮಾತ್ರ ಸ್ವಲ್ಪ ಹಿಂದಿತ್ತು. ಒಂದೇ ಸಲ ಕೂತು ನುಡಿಸಿದ ಮೇಲೆ ಅದೂ ಸರಿಹೋಯಿತು. ಪಾರ್ಶ್ವವಾಯುವಾಗಿ ವರ್ಷಗಳೇ ಕಳೆದ 32 ಜನರನ್ನು ಇಟ್ಟುಕೊಂಡು ಅಮೆರಿಕದ ಸ್ಟೀಫನ್ ಪೇಜ್ 2007ರಲ್ಲಿ ವರದಿ ಮಾಡಿದ ಪ್ರಯೋಗದಲ್ಲೂ, ವ್ಯಾಯಾಮದ ಜೊತೆಗೆ ಕಲ್ಪನೆಯನ್ನೂ ರೂಢಿಸಿದವರ ಕೈ ಹೆಚ್ಚು ಸುಧಾರಿಸಿತು. ಜೊತೆಗೆ ಎಂಬುದು ಮುಖ್ಯ. ಬರೀ ಕಣ್ಣು ಮುಚ್ಚಿದರೆ ಸಾಲದು.

ದೊಡ್ಡಮ್ಮನಿಗೆ ಇದು ಇಷ್ಟು ಬೇಗ ಒಲಿದದ್ದು ಹೇಗೆ? ಅವರ ತವರು ತುಂಗೆಯ ದಡದ ಹೊಸಹಳ್ಳಿಯ ಕಡೆ. 2022ರಲ್ಲಿ ಪದ್ಮಶ್ರೀ ಪಡೆದ ಎಚ್. ಆರ್. ಕೇಶವಮೂರ್ತಿಯವರ ಗಮಕ ಕೇಳಿಕೊಂಡೇ ಬೆಳೆದವರು. ಗಮಕದಲ್ಲಿ ವೇಷವಿಲ್ಲ, ಪರದೆಯಿಲ್ಲ, ಕುಣಿತವಿಲ್ಲ. ಒಬ್ಬರು ರಾಗವಾಗಿ ಓದುತ್ತಾರೆ, ಒಬ್ಬರು ಅರ್ಥ ಬಿಡಿಸುತ್ತಾರೆ. ರಥದ ಧೂಳನ್ನು ಎಬ್ಬಿಸಬೇಕಾದವನು ಕೇಳುಗನೇ. ಕುಮಾರವ್ಯಾಸನ ಯುದ್ಧವನ್ನು ಕಂಬಕ್ಕೊರಗಿ ಕಣ್ಣು ಮುಚ್ಚಿ ಕಂಡವರಿಗೆ ಒಂದು ಚಿಟಿಕೆ ರಂಗೋಲಿ ದೊಡ್ಡದಲ್ಲ ಎಂದು ನನ್ನ ನಂಬಿಕೆ. ಅಷ್ಟು ವರ್ಷ ಕೇಳಿದ ರಸ ಈಗ ಕೈಗೆ ಬಂತು.

ಕಳೆದ ಭಾನುವಾರ ಹೋದಾಗ ಹೊಸಿಲ ಮುಂದೆ ಮಣೆ ಹಾಕಿಸಿಕೊಂಡು ಕೂತಿದ್ದರು. ಎಡಗೈ ಬಲ ಮಣಿಕಟ್ಟಿಗೆ ಆಸರೆ ಕೊಟ್ಟಿತ್ತು. ಪುಡಿ ಬೆರಳ ಸಂದಿಯಿಂದ ಸೋರುತ್ತಿತ್ತು. ಮೊದಲ ಸಾಲಿನಲ್ಲಿ ನಾಲ್ಕು ಚುಕ್ಕಿ ಬಿದ್ದಿದ್ದವು, ಒಂದು ದೊಡ್ಡದು, ಒಂದು ಸಣ್ಣದು. ಅಷ್ಟಕ್ಕೇ ಕೈ ಸೋತಿತು. ಸಹಾಯಕ್ಕೆ ಬಾಗಿದ ನನ್ನನ್ನು ತಡೆದು, ಉಳಿದ ಮೂರನ್ನು ಇಡಲು ಕಣ್ಣು ಮುಚ್ಚಿದರು.