ಒಂದೇ ಹೆಸರು, ಎರಡು ರೂಪ: ಕನ್ನಡ ಸತ್ಯವೇದದಲ್ಲಿ ಇಬ್ರಿಯ ನಾಮಗಳು

ಕನ್ನಡ ಸತ್ಯವೇದದ ವ್ಯಕ್ತಿನಾಮಗಳನ್ನು ಗ್ರೀಕ್ ಮೂಲದೊಡನೆ ಹೋಲಿಸಿದರೆ ಗಮನಾರ್ಹವಾದ ವ್ಯತ್ಯಾಸವೊಂದು ಕಾಣುತ್ತದೆ: ಗ್ರೀಕ್ ಬೇರ್ಪಡಿಸಿದ ಹೆಸರನ್ನು ಕನ್ನಡ ಒಂದುಗೂಡಿಸಿದೆ, ಗ್ರೀಕ್ ಒಂದಾಗಿಯೇ ಉಳಿಸಿದ ಹೆಸರನ್ನು ಕನ್ನಡ ಎರಡಾಗಿಸಿದೆ.

ಮೊದಲನೆಯದಕ್ಕೆ ಯಾಕೋಬನೇ ನಿದರ್ಶನ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಮೂಲಪಿತೃವಿನ ಹೆಸರು ಇಬ್ರಿಯ ಧಾಟಿಯ, ವಿಭಕ್ತಿ ಪ್ರತ್ಯಯ ಹತ್ತದ ‘ಇಯಾಕೋಬ್’. ಅಪೊಸ್ತಲನ ಹೆಸರು ಗ್ರೀಕ್ ಅಂತ್ಯವುಳ್ಳ ‘ಇಯಾಕೋಬೊಸ್’. ಕನ್ನಡದಲ್ಲಿ ಇಬ್ಬರೂ ಯಾಕೋಬರೇ. ಇದರಿಂದ ಲಾಭವೂ ಇದೆ. ಯಾಕೋಬನ ಪತ್ರಿಕೆ ಹನ್ನೆರಡು ಕುಲಗಳನ್ನು ಉದ್ದೇಶಿಸಿ ಆರಂಭವಾಗುವಾಗ ಕನ್ನಡ ಓದುಗನಿಗೆ ಆ ಕುಲಗಳ ತಂದೆಯ ನೆನಪು ಸಹಜವಾಗಿ ಬರುತ್ತದೆ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಜೇಮ್ಸ್ ಎಂಬ ಹೆಸರಿನ ವಿಶ್ವಾಸಿಯಿದ್ದರೆ, ಆ ಇಂಗ್ಲಿಷ್ ರೂಪದ ಹಿಂದೆ ಇರುವುದೂ ಈ ಯಾಕೋಬನೇ ಎಂದು ಬೋಧಕರು ಅವನಿಗೆ ತಿಳಿಸಬಹುದು.

ಎರಡನೆಯದರಲ್ಲಿ ನಷ್ಟವೇ ಹೆಚ್ಚು. ಇಬ್ರಿಯದ ಯೆಹೋಶುವ, ಅದರ ಕಿರುರೂಪವಾದ ಯೇಶೂವ, ಇವೆರಡೂ ಸೆಪ್ಟುವಜಿಂಟ್ ಎಂಬ ಗ್ರೀಕ್ ಭಾಷಾಂತರದಲ್ಲಿ ‘ಇಯೇಸೂಸ್’ ಆದವು. ಗ್ರೀಕಿನಲ್ಲಿ ಶಕಾರವಿಲ್ಲದ್ದರಿಂದ ಸಕಾರ ಬಂತು. ಕೊನೆಯ ಸಕಾರ ಪ್ರಥಮಾ ವಿಭಕ್ತಿಯ ಗುರುತು. ಹೀಗೆ ನೂನನ ಮಗನಿಗೂ ಮರಿಯಳ ಮಗನಿಗೂ ಗ್ರೀಕಿನಲ್ಲಿ ಒಂದೇ ಹೆಸರು. ಕನ್ನಡದಲ್ಲಿ ಒಬ್ಬನು ಯೆಹೋಶುವ, ಇನ್ನೊಬ್ಬನು ಯೇಸು.

ಇಬ್ರಿಯರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದ ವಾದ ಈ ಸಮಾನತೆಯಿಂದಲೇ ಬಲ ಪಡೆಯುತ್ತದೆ. 8ನೆಯ ವಚನದ ‘ಇಯೇಸೂಸ್’ ಜನರನ್ನು ವಿಶ್ರಾಂತಿಗೆ ಸೇರಿಸಲಾರದೆ ಹೋದನು. 14ನೆಯ ವಚನದ ‘ಇಯೇಸೂಸ್’ ಆಕಾಶಮಂಡಲಗಳನ್ನು ದಾಟಿಹೋದ ಮಹಾಯಾಜಕನು. ಕನ್ನಡದಲ್ಲಿ ಈ ಪ್ರತಿಧ್ವನಿ ಕೇಳಿಸದು. ಆದರೂ ಭಾಷಾಂತರಕಾರರನ್ನು ದೂರಲಾಗದು. ಇಂಗ್ಲಿಷಿನ ಕಿಂಗ್ ಜೇಮ್ಸ್ ಪಠ್ಯ 8ನೆಯ ವಚನದಲ್ಲೂ ‘ಜೀಸಸ್’ ಎಂದೇ ಇಟ್ಟು ಓದುಗರನ್ನು ಗೊಂದಲಕ್ಕೆ ದೂಡಿತು. ಕನ್ನಡ ಸ್ಪಷ್ಟತೆಯನ್ನು ಆರಿಸಿ ಅನುರಣನವನ್ನು ಬಿಟ್ಟುಕೊಟ್ಟಿತು.

ಅರ್ಥದ ವಿಷಯವೂ ಹೀಗೆಯೇ. ಮತ್ತಾಯ 1:21ರಲ್ಲಿ ಹೆಸರಿಗೂ ರಕ್ಷಣೆಗೂ ಇರುವ ನಂಟು ಇಬ್ರಿಯ ಧಾತುವಿನಲ್ಲಿದೆ. ಗ್ರೀಕ್ ಪದಗಳಲ್ಲಿ ಅದು ಕೇಳಿಸುವುದಿಲ್ಲ. ಎರಡೇ ವಚನಗಳ ನಂತರ ಇಮ್ಮಾನುವೇಲ್ ಎಂಬುದರ ಅರ್ಥವನ್ನು ಬಿಡಿಸಿ ಹೇಳುವ ಸುವಾರ್ತಿಕನು ಯೇಸು ಎಂಬ ಹೆಸರನ್ನು ಹಾಗೆ ಭಾಷಾಂತರಿಸುವುದಿಲ್ಲ. ಗ್ರೀಕ್ ಓದುಗನಿಗೂ ಇಲ್ಲಿ ಬೋಧಕನ ನೆರವು ಬೇಕಿತ್ತು.

ಆದುದರಿಂದ ಪಠ್ಯವನ್ನು ತಿದ್ದಬೇಕೆಂಬುದು ನನ್ನ ವಾದವಲ್ಲ. ಯೇಸು ಎಂಬುದು ಸಭೆಯ ಪ್ರಾರ್ಥನೆಯಲ್ಲಿ ಬೇರೂರಿದ ಹೆಸರು. ಬೇಕಾದದ್ದು ಇಬ್ರಿಯ 4:8ಕ್ಕೂ ಅಪೊಸ್ತಲರ ಕೃತ್ಯಗಳು 7:45ಕ್ಕೂ ಒಂದು ಅಡಿಟಿಪ್ಪಣಿ, ಅದಕ್ಕಿಂತ ಮಿಗಿಲಾಗಿ ಪ್ರಸಂಗಪೀಠದಿಂದ ಒಂದು ವಾಕ್ಯ. ಯೆಹೋಶುವ, ಯೇಸು ಎಂಬಿವು ಮೂಲದಲ್ಲಿ ಒಂದೇ ಹೆಸರೆಂದು ತಿಳಿದ ಸಭೆ, ವಾಗ್ದತ್ತ ದೇಶದ ಕಥೆಯನ್ನು ತನ್ನ ರಕ್ಷಣೆಯ ಕಥೆಯಾಗಿಯೂ ಓದಬಲ್ಲದು.