ಎಂಜಿನ್ ನಿಂತ ಮೇಲಿನ ವಿದ್ಯೆ

1983ರ ಜುಲೈ 23. ಕೆನಡಾದ ಆಕಾಶದಲ್ಲಿ 41,000 ಅಡಿ ಎತ್ತರದಲ್ಲಿದ್ದ ಏರ್ ಕೆನಡಾದ ಬೋಯಿಂಗ್ 767ರಲ್ಲಿ ಎಚ್ಚರಿಕೆಯ ಸದ್ದು ಮೊಳಗಿತು. ಕಿಲೋ ಮತ್ತು ಪೌಂಡ್ ಲೆಕ್ಕ ಅದಲುಬದಲಾಗಿ, ಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಇಂಧನ ತುಂಬಲಾಗಿತ್ತು. ಕೆಲವೇ ನಿಮಿಷಗಳಲ್ಲಿ ಎರಡೂ ಎಂಜಿನ್‌ಗಳು ನಿಂತವು. ಕಾಕ್‌ಪಿಟ್‌ನ ಪರದೆಗಳು ಕಪ್ಪಾದವು.

ಆಗ ವಿಮಾನದ ಹೊಟ್ಟೆಯಿಂದ ಒಂದು ಪುಟ್ಟ ಗಾಳಿಚಕ್ರ ಹೊರಬಂತು. ಎದುರುಗಾಳಿಗೆ ತಿರುಗಿ, ರೆಕ್ಕೆ–ಬಾಲಗಳ ಪಟ್ಟಿಗಳನ್ನು ಅಲುಗಿಸುವಷ್ಟು ಹೈಡ್ರಾಲಿಕ್ ಒತ್ತಡ ಕೊಡುವುದಷ್ಟೇ ಅದರ ಕೆಲಸ.

ಸಹಪೈಲಟ್ ಮಾರಿಸ್ ಕ್ವಿಂಟಾಲ್ ಹಿಂದೆ ವಾಯುಪಡೆಯಲ್ಲಿದ್ದಾಗ ಕಂಡಿದ್ದ ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯನ್ನು ನೆನಪಿಸಿದರು. ಗ್ಲೈಡರ್ ಹಾರಿಸಿ ಪಳಗಿದ್ದ ಕ್ಯಾಪ್ಟನ್ ಬಾಬ್ ಪಿಯರ್ಸನ್ ಅತ್ತ ತಿರುಗಿಸಿದರು. ರನ್‌ವೇ ಹತ್ತಿರವಾದಾಗ ನೇರವಾಗಿ ಇಳಿಯಲು ಎತ್ತರ ಹೆಚ್ಚಾಗಿತ್ತು. ಮೂತಿ ತಗ್ಗಿಸಿದರೆ ವೇಗ ಏರುತ್ತದೆ. ಸುತ್ತು ಹೊಡೆಯಲು ಎತ್ತರ ಸಾಲದು. ಅವರು ರೆಕ್ಕೆಯನ್ನು ಒಂದು ಕಡೆಗೆ ವಾಲಿಸಿ, ರಡ್ಡರನ್ನು ವಿರುದ್ಧ ದಿಕ್ಕಿಗೆ ಒತ್ತಿದರು. ಅಡ್ಡಡ್ಡ ಜಾರಿದ ವಿಮಾನ ಗಾಳಿಯ ತಡೆಯಿಂದಲೇ ಎತ್ತರ ಕಳೆದುಕೊಂಡಿತು. ವೇಗ ತಗ್ಗಿದಷ್ಟೂ ಗಾಳಿಚಕ್ರ ನಿಧಾನವಾಗಿ ನಿಯಂತ್ರಣ ಬಿಗಿಯಾಗುತ್ತಿತ್ತು. ಆದರೂ ಕೊನೆಗಳಿಗೆಯಲ್ಲಿ ನೇರಮಾಡಿ ಇಳಿಸಿದರು.

ಆ ರನ್‌ವೇ ಅಷ್ಟರಲ್ಲಿ ಕಾರ್ ರೇಸಿನ ಹಾದಿಯಾಗಿತ್ತು. ಅಂದು ಜನರೂ ಸೇರಿದ್ದರು. ಮುಂಚಕ್ರ ಮಡಚಿಕೊಂಡು, ಮೂತಿ ನೆಲಕ್ಕೆ ಉಜ್ಜುತ್ತಾ ವಿಮಾನ ನಿಂತಿತು. ಒಳಗಿದ್ದ 69 ಮಂದಿಯೂ ಬದುಕಿದರು, ನೆಲದ ಮೇಲಿದ್ದ ಯಾರಿಗೂ ಪೆಟ್ಟಾಗಲಿಲ್ಲ.

ದೊಡ್ಡ ಯಂತ್ರ ಕೈಕೊಟ್ಟಾಗ ಕಾಪಾಡಿದ್ದು ಚಿಕ್ಕ ಗಾಳಿಚಕ್ರ ಮತ್ತು ಅಭ್ಯಾಸದಿಂದ ಪಳಗಿದ ಕೈ. ದುರಸ್ತಿಯಾದ ಅದೇ ವಿಮಾನ 2008ರವರೆಗೂ ಹಾರಿತು.